ಅಂಟಿಲ್ಲ, ಮೊಳೆಯಿಲ್ಲ

ಬ್ರನ್ಸ್‌ವಿಕ್, ಮೆಲ್ಬರ್ನ್
9 ಜನವರಿ 1984

ಪ್ರೀತಿಯ ಏವಿಸ್,

ಕ್ರಿಸ್‌ಮಸ್ ದಿನ ಫೋನಿನಲ್ಲಿ ನಾವಿಬ್ಬರೂ ಆಡಿಕೊಂಡದ್ದನ್ನು ಮತ್ತೆ ಎತ್ತುವುದಿಲ್ಲ. ಇನ್ನು ಮೇಲೆ ವ್ಯವಹಾರವೆಲ್ಲ ಕಾಗದದಲ್ಲೇ ಇರಲಿ ಎಂದೆಯಲ್ಲ, ಸರಿ. ಕಾಗದವನ್ನು ಯಾರೂ ಫೋನಿನ ಹಾಗೆ ಮುಖದ ಮೇಲೆ ಕುಕ್ಕಲಾರರು.

ಸುದ್ದಿ ಇದು: ಮಾರ್ಚ್ ಮೊದಲ ವಾರದ ಆಟಿಕೆ ಮೇಳದಲ್ಲಿ ನಮ್ಮ ಕಾರ್ಖಾನೆಗೆ ಮಳಿಗೆ ಸಿಕ್ಕಿದೆ. ಅಪ್ಪನ ಕಾಲದಲ್ಲಿ ಒಮ್ಮೆಯೂ ಸಿಗದ್ದು. ಮೂಲೆಯ ಜಾಗ, ಪಕ್ಕದಲ್ಲೇ ಚಹಾ ಮಾರುತ್ತಾರೆ. ನಮ್ಮ ಆಟಿಕೆಗಾಗಿ ಅಲ್ಲದಿದ್ದರೂ ಚಹಾಕ್ಕಾಗಿಯಾದರೂ ಅಂಗಡಿಯವರು ಅತ್ತ ಬಂದೇ ಬರುತ್ತಾರೆ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಹದಿನಾರು ಪುಟದ ಬಣ್ಣದ ಕ್ಯಾಟಲಾಗ್ ಮಾಡೋಣ. ನಮ್ಮ ಬೀದಿಯ ತುದಿಯಲ್ಲಿ ಸ್ಟಾವ್ರೋಸ್ ಎಂಬವನ ಅಚ್ಚಿನ ಮನೆ ಇದೆ. ಅವನಿಗೆ ನಿನ್ನ ಮರದ ಬಾತುಕೋಳಿ ತೋರಿಸಿದೆ. "ಈ ಹಳದಿ ಕಾಗದದ ಮೇಲೆ ಹೀಗೇ ಬರ್ಲಿಲ್ಲ ಅಂದ್ರೆ ನಾನು ಅಚ್ಚು ಬಿಟ್ಟು ಮೀನು ಮಾರೋಕೆ ಹೋಗ್ತೀನಿ" ಎಂದ. ಅವನಿಗೆ ಮೀನು ಕಂಡರಾಗದು, ಆದ್ದರಿಂದ ನಂಬಬಹುದು.

ಫೋಟೋ, ಬರವಣಿಗೆ, ಪುಟ ಜೋಡಣೆ ಎಲ್ಲ ನನ್ನದು. ನೀನು ಎಲ್ಲ ಆಟಿಕೆಗಳ ಒಂದೊಂದು ಮಾದರಿ ಕಳಿಸು. ಮುಖಪುಟಕ್ಕೆ ವೊಂಬ್ಯಾಟ್. ದಾರ ಕಟ್ಟಿ ಎಳೆದರೆ ದುಂಡು ಬೆನ್ನು ಕುಲುಕಿಸುತ್ತ ಬರುವ ಕರಡಿಮರಿಯಂಥ ಆ ಧಡಿಯನನ್ನು ನೋಡಿ ನಗದವರನ್ನು ನಾನು ಕಂಡಿಲ್ಲ. ಕೆಳಗೆ ಹಾಕುವ ಸಾಲು ಆಗಲೇ ಸಿದ್ಧ: "ಅಂಟಿಲ್ಲ, ಮೊಳೆಯಿಲ್ಲ. ಮರಕ್ಕೆ ಮರವೇ ಆಸರೆ."

ಹೇಗಿದೆ?

ನಿನ್ನ ತಮ್ಮ,
ಗಾರ್ತ್

*

ಡೆಲೊರೇನ್, ಟಾಸ್ಮೇನಿಯಾ
16 ಜನವರಿ 1984

ಗಾರ್ತ್,

ಮಳಿಗೆ ಸಿಕ್ಕಿದ್ದು ಒಳ್ಳೆಯದಾಯಿತು. ಪೆಟ್ಟಿಗೆ ಇವತ್ತು ಹೊರಟಿದೆ. ಬಾತುಕೋಳಿ ಮತ್ತು ಮರಿಗಳು, ರೈಲು, ಪ್ಲಾಟಿಪಸ್, ಹಾಲಿನ ಗಾಡಿ, ದೋಣಿ. ರೈಲಿನ ಕೊನೆಯ ಡಬ್ಬಿಯ ಬಣ್ಣ ಪೂರ್ತಿ ಒಣಗಿಲ್ಲ, ಬಿಚ್ಚುವಾಗ ಕಾಗದ ಅಂಟೀತು, ನಿಧಾನ.

ವೊಂಬ್ಯಾಟ್ ಬೇಡ. ಅದನ್ನು ಮಾಡುವುದು ನಿಲ್ಲಿಸಿದ್ದೇವೆ. ಮುಖಪುಟಕ್ಕೆ ರೈಲು ಹಾಕು.

ಆ ಸಾಲೂ ಬೇಡ.

ಬ್ಲ್ಯಾಕ್‌ವುಡ್ ಮರ ಈ ಸಲ ಚೆನ್ನಾಗಿ ಸಿಕ್ಕಿದೆ. ನಿನ್ನ ಭಾವ ಡೆಸ್‌ಗೆ ಬೆನ್ನು ನೋವು, ಆದರೂ ಗಾಲಿ ಕಡೆಯುವುದನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ?

ಏವಿಸ್

*

ಬ್ರನ್ಸ್‌ವಿಕ್
21 ಜನವರಿ 1984

ಪ್ರೀತಿಯ ಏವಿಸ್,

ಪೆಟ್ಟಿಗೆ ಬಂತು. ಎಲ್ಲ ಸುಂದರವಾಗಿವೆ. ಎಲ್ಲವೂ ಅಪ್ಪನವು, ಅಥವಾ ಅಪ್ಪ ಮಾಡಿದ್ದರ ಮೇಲೆ ನೀನು ಬಣ್ಣ ಬದಲಾಯಿಸಿದವು. ನಾನು ಎಂಟು ವರ್ಷ ಆ ಕಾರ್ಖಾನೆಯಲ್ಲಿ ಮರದ ಪುಡಿ ತಿಂದೆನಲ್ಲ, ಅದರಲ್ಲಿ ನನ್ನದು ಅಂತ ಉಳಿದದ್ದು ಒಂದೇ ಒಂದು ಆಟಿಕೆ. ಅದೊಂದನ್ನೇ ನಿಲ್ಲಿಸಿದ್ದೀಯೆ. ಯಾವಾಗ ನಿಲ್ಲಿಸಿದೆ? ನನಗೇಕೆ ಹೇಳಲಿಲ್ಲ? ಮಾರುತ್ತಿರಲಿಲ್ಲ ಎನ್ನಬೇಡ. ಸಿಡ್ನಿಯವರು ಅಷ್ಟೊಂದು ಕೊಂಡಿದ್ದು ನನಗೆ ಗೊತ್ತು.

ನಾನು ಮೊದಲು ಮಾಡಿದ ವೊಂಬ್ಯಾಟ್ ಇಲ್ಲೇ ನನ್ನ ಹತ್ತಿರ ಇದೆ. ಹಿತ್ತಲಲ್ಲಿ, ಸಂಜೆ ಬಿಸಿಲಿಗೆ ಇಟ್ಟು ಫೋಟೋ ತೆಗೆದೆ. ಸ್ಟಾವ್ರೋಸ್ ನೋಡಿ, "ಇದು ನನ್ನ ಮಾವನ ಥರಾನೇ ಇದೆ, ಊಟ ಆದ್ಮೇಲೆ" ಎಂದ. ಪ್ರೂಫ್ ಜೊತೆಗಿದೆ. ನೋಡು, ಆಮೇಲೆ ಹೇಳು. ಊಟ ಮಾಡುತ್ತಿದ್ದೇನೆ. ಈ ಪ್ರಶ್ನೆಯನ್ನು ಪ್ರತಿ ಪತ್ರದ ಕೊನೆಗೆ ಕೇಳಬೇಡ, ನಾನು ರೋಗಿಯಲ್ಲ.

ಗಾರ್ತ್

*

ಡೆಲೊರೇನ್
28 ಜನವರಿ 1984

ಗಾರ್ತ್,

ಪ್ರೂಫ್ ಹಿಂದಕ್ಕೆ ಕಳಿಸಿದ್ದೇನೆ. ಮುಖಪುಟದ ಮೇಲೆ ಗೀಟು ಹಾಕಿದ್ದೇನೆ. ವೊಂಬ್ಯಾಟ್ ಇರುವ ನಾಲ್ಕನೇ ಪುಟದ ಮೇಲೂ ಹಾಕಿದ್ದೇನೆ. ಪೆನ್ನು ಕಾಗದ ಹರಿದುಕೊಂಡು ಹೋಯಿತು, ಬೇಕೆಂದು ಮಾಡಿದ್ದಲ್ಲ.

ಬೇಡ ಎಂದರೆ ಬೇಡ. ಈ ಕಾರ್ಖಾನೆ ನಡೆಸುವವಳು ನಾನು. ಇಲ್ಲಿಂದ ಏನು ಹೊರಗೆ ಹೋಗಬೇಕು, ಏನು ಹೋಗಬಾರದು ಎಂದು ಹೇಳುವವಳೂ ನಾನೇ. ನಿನಗೆ ಪ್ರತಿಯೊಂದಕ್ಕೂ ಕಾರಣ ಕೊಡುತ್ತ ಕೂರಲು ನನಗೆ ಪುರುಸೊತ್ತಿಲ್ಲ.

ಉಳಿದ ಪುಟಗಳು ಚೆನ್ನಾಗಿವೆ. ಬಾತುಕೋಳಿಯ ಹಳದಿ ಸ್ವಲ್ಪ ಹಸಿರಿಗೆ ತಿರುಗಿದೆ, ನಿನ್ನ ಸ್ಟಾವ್ರೋಸ್‌ಗೆ ಹೇಳು.

ಏವಿಸ್

*

ಬ್ರನ್ಸ್‌ವಿಕ್
6 ಫೆಬ್ರುವರಿ 1984

ಏವಿಸ್,

ನಿನ್ನ ಗೀಟು ನೋಡಿದೆ. ಸ್ಟಾವ್ರೋಸ್ ಕೂಡ ನೋಡಿದ. "ನಿಮ್ಮಕ್ಕಂಗೆ ಈ ಪ್ರಾಣಿ ಮೇಲೆ ಅದೇನ್ ದ್ವೇಷಾನೋ, ಚಾಕು ಹಾಕ್ದಂಗೆ ಇದೆ" ಎಂದ. ಅವನಿಗೇನು ಹೇಳಲಿ? ದ್ವೇಷ ಪ್ರಾಣಿಯ ಮೇಲಲ್ಲ ಎಂದು ಹೇಳಲೇ?

ಒಂದು ಮಾತು ಹೇಳಿಬಿಡುತ್ತೇನೆ. ಹೆಲೆನ್ ನನ್ನನ್ನು ಬಿಟ್ಟು ಹೋದ ಮೇಲೆ, ನಾನು ಆ ಆಸ್ಪತ್ರೆಯಲ್ಲಿ ಐದು ತಿಂಗಳು ಬಿದ್ದುಕೊಂಡಿದ್ದೆನಲ್ಲ, ಅಲ್ಲಿಂದೀಚೆಗೆ ನೀನು ನನ್ನ ಜೊತೆ ಮಾತಾಡುವ ರೀತಿಯೇ ಬೇರೆಯಾಗಿದೆ. ಅಡುಗೆಮನೆಯಲ್ಲಿ ಚಾಕುಗಳನ್ನೆಲ್ಲ ಒಳಗಿಟ್ಟು ಮಾತಾಡುವವಳ ಹಾಗೆ ಮಾತಾಡುತ್ತೀಯೆ. ಊಟ ಆಯಿತೇ, ನಿದ್ದೆ ಬಂತೇ. ಅಷ್ಟು ಬಿಟ್ಟರೆ ಕಾರ್ಖಾನೆಯ ಒಂದು ವಿಷಯವನ್ನೂ ನನಗೆ ಹೇಳುವುದಿಲ್ಲ. ಈಗ ಗೊತ್ತಾಯಿತು. ಹುಚ್ಚಾಸ್ಪತ್ರೆಗೆ ಹೋಗಿಬಂದವನ ಹೆಸರು ಕಾರ್ಖಾನೆಗೆ ಬೇಡ. ಅವನು ಮಾಡಿದ ಆಟಿಕೆಯೂ ಬೇಡ. ಅವನು ಬರೆದ ಸಾಲೂ ಬೇಡ. ಅವನು ಮೆಲ್ಬರ್ನ್‌ನಲ್ಲಿ ಬಿಟ್ಟಿ ಕೂಲಿಯ ಹಾಗೆ ಪುಟ ಜೋಡಿಸಿಕೊಂಡಿದ್ದರೆ ಸಾಕು.

ಕ್ಯಾಟಲಾಗ್ ಅಚ್ಚಾಗಿದೆ. ಮುಖಪುಟದಲ್ಲಿ ವೊಂಬ್ಯಾಟ್ ಇದೆ. ಕೆಳಗೆ ನನ್ನ ಸಾಲೂ ಇದೆ. ಬಾತುಕೋಳಿಯ ಹಳದಿ ಸರಿ ಮಾಡಿಸಿದ್ದೇನೆ, ಅದಕ್ಕಾದರೂ ಸಂತೋಷಪಡು.

ಗಾರ್ತ್

*

ಡೆಲೊರೇನ್
10 ಫೆಬ್ರುವರಿ 1984

ಗಾರ್ತ್,

ಆ ಕಟ್ಟುಗಳನ್ನು ಬಿಚ್ಚಬೇಡ. ಒಂದನ್ನೂ ಯಾರ ಕೈಗೂ ಕೊಡಬೇಡ. ಮುಖಪುಟ, ನಾಲ್ಕನೇ ಪುಟ ಹರಿದು ಒಲೆಗೆ ಹಾಕು. ಹಾಕದಿದ್ದರೆ ಮಳಿಗೆಯೇ ಬೇಡ, ನಾನು ಒಂದು ಆಟಿಕೆಯನ್ನೂ ಕಳಿಸುವುದಿಲ್ಲ.

ಹುಚ್ಚಾಸ್ಪತ್ರೆ ಎಂಬ ಮಾತು ನನ್ನ ಬಾಯಲ್ಲಿ ಯಾವತ್ತು ಬಂದಿದೆ ಹೇಳು. ಆ ಐದು ತಿಂಗಳಲ್ಲಿ ನಿನ್ನನ್ನು ನೋಡಲು ಹಡಗು ಹತ್ತಿ ಬಂದವಳು ನಾನು. ಎಷ್ಟು ಸುಲಭವಾಗಿ ಬರೆದುಬಿಟ್ಟೆ.

ಏವಿಸ್

*

ಬ್ರನ್ಸ್‌ವಿಕ್
4 ಮಾರ್ಚ್ 1984, ಭಾನುವಾರ

ಏವಿಸ್,

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಈಗ ಇದೆ.

ಇವತ್ತು ಮೇಳದ ಮೊದಲ ದಿನ. ನೀನು ಕಳಿಸದಿದ್ದರೇನು, ಜನವರಿಯ ಪೆಟ್ಟಿಗೆಯ ಮಾದರಿಗಳೇ ಸಾಕಾದವು. ನನ್ನ ವೊಂಬ್ಯಾಟ್‌ನನ್ನು ಮೇಜಿನ ನಡುವೆ ಕೂರಿಸಿದೆ. ಅದರ ಕಣ್ಣನ್ನು ಉಗುರಿನಿಂದ ಎಳೆದು ನೋಡಿ ಎಂದು ಬಂದವರಿಗೆಲ್ಲ ಹೇಳಿದೆ. ಒಬ್ಬರ ಕೈಯಲ್ಲೂ ಬರಲಿಲ್ಲ. "ಅಂಟೇ ಹಾಕಿಲ್ವಾ?" ಎಂದು ಬಾಯಿಬಿಟ್ಟುಕೊಂಡು ಹೋದರು. ಹೋಗುವಾಗ ಪ್ರತಿಯೊಬ್ಬರ ಚೀಲದಲ್ಲೂ ನಮ್ಮ ಕ್ಯಾಟಲಾಗ್.

ಸಿಡ್ನಿಯ ಆ ದೊಡ್ಡ ಅಂಗಡಿಯ ಮಿಸೆಸ್ ಪ್ಯಾಸ್ಕೊ ಬಂದಿದ್ದರು. ಅವರಿಗೆ ರೈಲು ಬೇಡ, ಬಾತುಕೋಳಿ ಬೇಡ. ಈ ಕ್ರಿಸ್‌ಮಸ್‌ಗೆ ಎಲ್ಲ ಶಾಖೆಗಳಿಗೂ ವೊಂಬ್ಯಾಟ್ ಬೇಕಂತೆ. ನಾನು ಒಪ್ಪಿ ಸಹಿ ಹಾಕಿದೆ.

ನಿಲ್ಲಿಸಿದ್ದನ್ನು ಮತ್ತೆ ಶುರುಮಾಡು. ಅಥವಾ ಅವರಿಗೆ ನೀನೇ ಕಾರಣ ಹೇಳು. ನನಗೆ ಕೊಡದ ಕಾರಣವನ್ನು ಅವರಿಗಾದರೂ ಕೊಡುತ್ತೀಯೋ ನೋಡೋಣ.

ಗಾರ್ತ್

*

ಡೆಲೊರೇನ್
6 ಮಾರ್ಚ್ 1984

ಗಾರ್ತ್,

ನಿನ್ನ ಪತ್ರ ಈಗ ಬಂತು. ನಿನ್ನ ಮನೆಗೆ ಫೋನ್ ಮಾಡಿದೆ. ಆ ಸಂಪರ್ಕ ನವೆಂಬರ್‌ನಲ್ಲೇ ಕಡಿದುಹೋಗಿದೆ ಎಂದು ಟೆಲಿಫೋನಿನವಳು ಹೇಳಿದಳು. ಹಾಗಾದರೆ ಕ್ರಿಸ್‌ಮಸ್ ದಿನ ಬೀದಿಯ ಫೋನ್ ಡಬ್ಬಿಯಿಂದ ಮಾತಾಡಿದೆಯಾ? ಅದನ್ನೂ ಹೇಳಲಿಲ್ಲ. ಅಚ್ಚಿನ ಮನೆಗೆ ಮಾಡಿದರೆ ಸ್ಟಾವ್ರೋಸ್ ಎತ್ತಿದ. ಇದನ್ನು ಅವನ ಬಾಯಿಂದ ನಿನಗೆ ಹೇಳಿಸಲು ನನಗಾಗಲಿಲ್ಲ. ಡೆಸ್ ಇವತ್ತು ಸಂಜೆಯ ಹಡಗಿಗೆ ಹೊರಟಿದ್ದಾನೆ, ಬೆನ್ನು ನೋವಿನಲ್ಲೇ. ಪತ್ರ ಅವನ ಕೈಯಲ್ಲಿ ಕೊಟ್ಟಿದ್ದೇನೆ.

ಮೂರು ವಾರ ನೀನು ಬರೆಯದಿದ್ದಾಗ ನನ್ನ ಮಾತು ಕೇಳಿದ್ದೀಯೆ ಎಂದುಕೊಂಡೆ. ನಾಚಿಕೆಯಿಂದ ಸುಮ್ಮನಿದ್ದಾನೆ ಎಂದುಕೊಂಡೆ. ಎಂಥ ಪೆದ್ದಿ ನಾನು.

ಕಾರಣ ಬೇಕಲ್ಲ, ತಗೋ.

ಔಷಧದಂಗಡಿಯಲ್ಲಿ ಕೆಲಸ ಮಾಡುವ ಲೊರೇನ್ ಗೊತ್ತಲ್ಲ. ಅವಳ ಮಗಳು ಟಾನ್ಯಾ. ಆಗ ಎರಡು ತುಂಬಿರಲಿಲ್ಲ. ಎಂಬತ್ತೆರಡರ ಫೆಬ್ರುವರಿ. ಆ ವರ್ಷ ಬೇಸಿಗೆ ಹೇಗಿತ್ತೆಂದರೆ ಹುಲ್ಲೆಲ್ಲ ಸುಟ್ಟು ಬೂದಿಯ ಬಣ್ಣಕ್ಕೆ ಬಂದಿತ್ತು. ವೊಂಬ್ಯಾಟ್ ಅವರ ವರಾಂಡದಲ್ಲಿ ವಾರಗಟ್ಟಲೆ ಬಿಸಿಲಲ್ಲಿ ಬಿದ್ದಿತ್ತು. ಮರ ಒಣಗಿತು. ನೀನು ಅಂಟಿಲ್ಲದೆ ಕೂರಿಸಿದ ಕಣ್ಣು ಸಡಿಲವಾಯಿತು. ಮಗು ಅದನ್ನು ಬಾಯಿಗೆ ಹಾಕಿಕೊಂಡಿತು.

ಲೊರೇನ್ ಬಟ್ಟೆ ಹರವುತ್ತಿದ್ದಳು. ತಿರುಗಿ ನೋಡುವಾಗ ಮಗು ನೀಲಿಯಾಗಿತ್ತು. ಆಂಬುಲೆನ್ಸಿನವರು ಅಲ್ಲೇ ನೆಲದ ಮೇಲೆ ಅದರ ಗಂಟಲು ಸೀಳಿ ಕೊಳವೆ ಹಾಕಿದರು. ಟಾನ್ಯಾ ಬದುಕಿದಳು. ಮಿದುಳಿಗೆ ಅಷ್ಟು ಹೊತ್ತು ಗಾಳಿ ಇರಲಿಲ್ಲ. ಈಗ ಅವಳಿಗೆ ನಾಲ್ಕು ತುಂಬುತ್ತಿದೆ. ಬಲಗೈ ಮಡಚಲು ಬರುವುದಿಲ್ಲ. ಹೇಳಬೇಕಾದ ಮಾತು ಹುಡುಕುತ್ತ ಹುಡುಕುತ್ತ ಅವಳಿಗೇ ಸಿಟ್ಟು ಬಂದು ಅತ್ತುಬಿಡುತ್ತಾಳೆ.

ಆಸ್ಪತ್ರೆಯಿಂದ ಮಗುವನ್ನು ಮನೆಗೆ ತಂದ ಮಾರನೇ ದಿನ ಲೊರೇನ್ ಕಾರ್ಖಾನೆಗೆ ಬಂದಳು. ವೊಂಬ್ಯಾಟ್ ಒಂದು ಬ್ರೆಡ್ಡಿನ ಚೀಲದಲ್ಲಿತ್ತು. ನನ್ನ ಮುಂದೆ ಇಟ್ಟಳು.

"ಇದನ್ನ ಕಸಕ್ಕೆ ಹಾಕೋಣ ಅಂದ್ಕೊಂಡೆ ಏವಿಸ್. ಅಲ್ಲಿಂದ ಬೇರೆ ಮಗು ಯಾವ್ದಾದ್ರೂ ಎತ್ಕೊಂಡ್ರೆ? ನೀನೇ ಇಟ್ಕೊ."

"ಲೊರೇನ್, ನಾನು ಏನು ಹೇಳ್ಲಿ..."

"ಏನೂ ಹೇಳ್ಬೇಡ. ಊರಿನವ್ರಿಗೂ ಹೇಳ್ಬೇಡ. ನನ್ನ ಮಗಳನ್ನ ನೋಡಿದ್ರೆ ಜನ ಇದನ್ನೇ ಮಾತಾಡೋದು ಬೇಡ."

ನಾನು ಅವತ್ತೇ ವೊಂಬ್ಯಾಟ್ ಕತ್ತರಿಸುವ ಅಚ್ಚುಹಲಗೆಗಳನ್ನು ಒಡೆದು ಒಲೆಗೆ ಹಾಕಿದೆ. ನೀನು ಆಗ ಆಸ್ಪತ್ರೆಯಲ್ಲಿದ್ದೆ. ಯಾವ ಕೆಟ್ಟ ಸುದ್ದಿಯನ್ನೂ ಕಿವಿಗೆ ಹಾಕಬೇಡಿ ಎಂದು ಡಾಕ್ಟರು ನನ್ನನ್ನು ಹೊರಗೆ ನಿಲ್ಲಿಸಿ ಹೇಳಿದ್ದರು. ಆಮೇಲೆ ನೀನು ಮನೆಗೆ ಬಂದೆ, ಕೆಲಸ ಸಿಕ್ಕಿತು, ನಗುವುದು ಶುರುಮಾಡಿದೆ. ಯಾವ ದಿನ ಹೇಳಬೇಕಿತ್ತು? ನಿನ್ನ ಕೈಯಿಂದ ಆದದ್ದನ್ನು ನಾನು ಹೊತ್ತುಕೊಂಡೆ. ಔಷಧದಂಗಡಿಯ ಮುಂದೆ ಹೋಗಬೇಕಾದಾಗಲೆಲ್ಲ ರಸ್ತೆ ದಾಟಿ ಆಚೆಯಿಂದ ಹೋಗುತ್ತೇನೆ.

ನೀನು ಅಲ್ಲಿ ನಿಂತು ಕಣ್ಣು ಎಳೆದು ನೋಡಿ ಎನ್ನುತ್ತಿದ್ದೀಯೆ.

ಏವಿಸ್

*

ಬ್ರನ್ಸ್‌ವಿಕ್
11 ಮಾರ್ಚ್ 1984

ಏವಿಸ್,

ಡೆಸ್ ಬುಧವಾರ ಮಧ್ಯಾಹ್ನ ಮಳಿಗೆಗೆ ಬಂದ. ಮುಖ ನೋಡಿ ನೀನೇ ಸತ್ತಿದ್ದೀಯೆ ಎಂದುಕೊಂಡೆ. ಪತ್ರವನ್ನು ಮೇಜಿನ ಹಿಂದೆ ನಿಂತೇ ಓದಿದೆ. ಯಾರೋ ಒಬ್ಬ ಹೆಂಗಸು ದೋಣಿ ನೀರಲ್ಲಿ ತೇಲುತ್ತದೆಯೇ ಎಂದು ಕೇಳುತ್ತಲೇ ಇದ್ದಳು. ಡೆಸ್ ಅವಳನ್ನು ಸಾಗಹಾಕಿದ.

ಮಾಡಿದ್ದನ್ನು ಹೇಳುತ್ತೇನೆ. ಮೇಜಿನ ಮೇಲಿದ್ದ ವೊಂಬ್ಯಾಟ್‌ನನ್ನು ಕೋಟಿನಲ್ಲಿ ಸುತ್ತಿ ಕೆಳಗಿಟ್ಟೆ. ಉಳಿದ ಕ್ಯಾಟಲಾಗುಗಳ ಮುಖಪುಟ, ನಾಲ್ಕನೇ ಪುಟಗಳನ್ನು ನಾನು, ಡೆಸ್ ಇಬ್ಬರೂ ಕೂತು ಹರಿದೆವು. ಮೇಳದ ಕಚೇರಿಗೆ ಹೋಗಿ ಧ್ವನಿವರ್ಧಕದಲ್ಲಿ ಕೂಗಿಸಿದೆ: ಪ್ರಿಡ್ಮೋರ್ ಮಳಿಗೆಯ ಕ್ಯಾಟಲಾಗ್ ಪಡೆದವರು ದಯವಿಟ್ಟು ಹಿಂದಿರುಗಿಸಿ, ವೊಂಬ್ಯಾಟ್ ಅಪಾಯದ ಆಟಿಕೆ. ಎರಡು ಸಲ ಕೂಗಿಸಿದೆ. ಇಡೀ ಕಟ್ಟಡ ನಮ್ಮ ಕಡೆ ತಿರುಗಿತು. ಎದುರಿನ ಗೊಂಬೆ ಮಾರುವವನು, "ಎಲ್ಲಾರ ಹೊಟ್ಟೆ ಮೇಲೂ ಹೊಡೀತೀಯಲ್ಲಯ್ಯಾ" ಎಂದು ಬೈದ.

ಆಮೇಲೆ ಮಿಸೆಸ್ ಪ್ಯಾಸ್ಕೊ ಅವರನ್ನು ಹುಡುಕಿಕೊಂಡು ಹೋದೆ.

"ಇದರ ಕಣ್ಣು ಕಿತ್ತು ಬರತ್ತೆ. ಒಂದು ಮಗು ನುಂಗಿದೆ" ಎಂದೆ.

"ಭಾನುವಾರದಿಂದ ಕಿತ್ತು ಬರಲ್ಲ ಅಂತ ಕೂಗ್ತಾ ಇದ್ರಲ್ಲ."

"ನನಗೆ ಈಗಷ್ಟೇ ಗೊತ್ತಾಯ್ತು."

"ನಿಮ್ಮ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರ್ಲಿಲ್ವಾ?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎಂಬತ್ತೊಂದರ ಕ್ರಿಸ್‌ಮಸ್‌ಗೆ ನಾವು ಇದನ್ನ ಮಾರಿದ್ವಿ ಮಿಸ್ಟರ್ ಪ್ರಿಡ್ಮೋರ್. ಅವೆಲ್ಲ ಈಗ ಮನೆಮನೇಲಿ ಇವೆ. ಅವಕ್ಕೆ ಏನು ಮಾಡಿದ್ರಿ?"

ಏವಿಸ್, ಅವಕ್ಕೆ ಏನು ಮಾಡಿದೆ?

ಅಚ್ಚುಹಲಗೆ ಒಡೆದು ಒಲೆಗೆ ಹಾಕಿದೆ ಎಂದು ಬರೆದಿದ್ದೀಯೆ. ಹೊಸದನ್ನು ಮಾಡಲಿಲ್ಲ, ಸರಿ. ಮಾರಿದವು? ಸಿಡ್ನಿಗೆ ಹೋದವು, ಪರ್ತ್‌ಗೆ ಹೋದವು, ಅಡಿಲೇಡ್‌ಗೆ ಹೋದವು? ಒಂದು ಅಂಗಡಿಗಾದರೂ ಒಂದು ಸಾಲು ಬರೆದೆಯಾ? ಕಸದ ಡಬ್ಬಿಗೆ ಹೋಗುವ ಒಂದೇ ಒಂದು ವೊಂಬ್ಯಾಟ್‌ನ ಚಿಂತೆ ಲೊರೇನ್‌ಗಿತ್ತು, ಮಗಳು ಆ ಸ್ಥಿತಿಯಲ್ಲಿದ್ದಾಗಲೂ. ಆ ಮಾತನ್ನು ಅವಳು ನಿನ್ನ ಎದುರಿಗೇ ಹೇಳಿದಳು. ನಿನಗೆ ಕೇಳಲಿಲ್ಲವೇ?

ನನಗೋಸ್ಕರ ಹೊತ್ತೆ ಎನ್ನುತ್ತೀಯೆ. ಹೊರು ಎಂದವರು ಯಾರು? ಆಸ್ಪತ್ರೆಯಿಂದ ಹೊರಬಂದ ದಿನವೇ ಹೇಳಿದ್ದರೆ ನಾನು ಮತ್ತೆ ಒಳಗೆ ಹೋಗುತ್ತಿದ್ದೆನೋ ಏನೋ. ಹೋಗಿದ್ದರೆ ಹೋಗುತ್ತಿದ್ದೆ. ಅದು ನನ್ನ ಕಣ್ಣು, ನನ್ನ ಮೂರ್ಖತನ, ನನ್ನ ಹೊಗಳಿಕೆ. ನನ್ನನ್ನು ಹತ್ತಿಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ, ಆ ಆಟಿಕೆಗಳನ್ನು ಮಕ್ಕಳ ಕೈಯಲ್ಲಿ ಬಿಟ್ಟೆ. ನೀನು ದೊಡ್ಡದನ್ನು ಮಾಡಿದೆ ಎಂದುಕೊಳ್ಳಬೇಡ.

ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಹೌದು, ಬೀದಿಯ ಡಬ್ಬಿಯಿಂದಲೇ ಮಾತಾಡಿದೆ. ನಾನೂ ಮುಚ್ಚಿಟ್ಟೆ, ಒಪ್ಪಿದೆ. ಅದರಿಂದ ಯಾವ ಮಗುವಿನ ಗಂಟಲೂ ಕಟ್ಟಲಿಲ್ಲ.

ಸ್ಟಾವ್ರೋಸ್ ಬಳಿ ಮುಖಪುಟದ ಅಚ್ಚಿನ ಪ್ಲೇಟು ಇನ್ನೂ ಇದೆ. ಅದೇ ಚಿತ್ರ ಹಾಕಿ, ಕೆಳಗೆ ನನ್ನ ಸಾಲು ತೆಗೆದು, ಒಂದು ಪ್ರಕಟಣೆ ಅಚ್ಚು ಹಾಕಿಸುತ್ತೇನೆ. ಎಲ್ಲ ಅಂಗಡಿಗಳ ಗೋಡೆಗೂ ಅಂಟಿಸಬೇಕು. ಪತ್ರಿಕೆಗಳಿಗೂ ಕಳಿಸಬೇಕು. ಕರಡು ಜೊತೆಗಿದೆ. ನಾವು ಯಾವ ಅಂಗಡಿಗಳಿಗೆ ಕಳಿಸಿದ್ದೆವು ಎಂದು ತಿಳಿಸು. ಈ ಸಲ ನೀನು ಗೀಟು ಹಾಕಿದರೂ ಅಚ್ಚಾಗುತ್ತದೆ.

ಗಾರ್ತ್

*

ಡೆಲೊರೇನ್
19 ಮಾರ್ಚ್ 1984

ಗಾರ್ತ್,

ನಿನ್ನ ಪತ್ರ ಓದಿ ಎರಡು ದಿನ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಡೆಸ್ ಎದುರಿಗೇ ಬೈದೆ. "ಬೈ, ಆದ್ರೆ ಅವನು ಕೇಳಿದ್ದಕ್ಕೆ ಉತ್ತರ ಏನು?" ಎಂದ ಅವನು. ಅವತ್ತಿಂದ ಅವನ ಜೊತೆಯೂ ಮಾತಾಡುತ್ತಿಲ್ಲ.

ಒಂದು ಅಂಗಡಿಗೂ ಬರೆಯಲಿಲ್ಲ. ಬರೆದರೆ ಊರಿಗೆ ಗೊತ್ತಾಗುತ್ತದೆ, ಲೊರೇನ್‌ಗೆ ಮಾತು ಕೊಟ್ಟಿದ್ದೇನೆ ಎಂದುಕೊಂಡೆ. ಕಾರ್ಖಾನೆ ಮುಚ್ಚಿಹೋಗುತ್ತದೆ ಎಂದೂ ಅಂದುಕೊಂಡೆ. ಯಾವುದನ್ನು ಮೊದಲು ಅಂದುಕೊಂಡೆ ಎಂದು ಕೇಳಬೇಡ.

ಕರಡು ತೆಗೆದುಕೊಂಡು ನಿನ್ನೆ ಲೊರೇನ್ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಓದಿದಳು.

"'ಅಹಿತಕರ ಘಟನೆ' ಅಂದ್ರೆ ಏನು?" ಎಂದಳು.

"ಗಾರ್ತ್ ಹಾಗೆ ಬರ್ದಿದಾನೆ. ಪತ್ರಿಕೆಯವ್ರಿಗೆ..."

"ಹೊಡೆದು ಹಾಕು. ಅಹಿತಕರ ಅಂದ್ರೆ ಹಾಲು ಚೆಲ್ಲೋದು. ಮಗು ಉಸಿರು ಕಟ್ತು ಅಂತ ಬರಿ. ಕೈ ಬರಲ್ಲ ಅಂತ ಬರಿ. ಓದಿದವ್ರು ಓಡಿಹೋಗಿ ಆಟದ ಬುಟ್ಟಿ ನೋಡ್ಬೇಕು."

"ಹೆಸರು?"

"ಹೆಸರು ಬೇಡ." ಆಮೇಲೆ ನನ್ನನ್ನೇ ನೋಡುತ್ತ, "ಯಾರಿಗೂ ಹೇಳ್ಬೇಡ ಅಂದಿದ್ದು ನನ್ನ ಮಗಳ ವಿಷ್ಯ ಏವಿಸ್. ಆ ದರಿದ್ರ ಆಟಿಕೆ ವಿಷ್ಯ ಅಲ್ಲ. ಅವನ್ನೆಲ್ಲ ವಾಪಸ್ ತರಿಸಿರ್ತೀಯಾ ಅಂದ್ಕೊಂಡಿದ್ದೆ" ಎಂದಳು. ಬಾಗಿಲು ಹಾಕಿಕೊಂಡಳು.

ಅಂಗಡಿಗಳ ವಿಳಾಸ ಜೊತೆಗಿದೆ. ಅವಳು ಹೇಳಿದ ಮಾತುಗಳನ್ನು ಹಾಗೆಯೇ ಹಾಕು. ಒಂದಕ್ಷರವನ್ನೂ ಚಂದ ಮಾಡಬೇಡ.

ಏವಿಸ್

*

ಡೆಲೊರೇನ್
2 ಮೇ 1984

ಗಾರ್ತ್,

ಪ್ರಕಟಣೆ ಇಲ್ಲಿನ ಪತ್ರಿಕೆಯಲ್ಲೂ ಬಂದಿದೆ. ಬೇಕರಿಯಲ್ಲಿ ಜನ ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ. ನಿಲ್ಲಿಸಲಿ. ರೈಲಿನ ಆರ್ಡರುಗಳೂ ಅರ್ಧಕ್ಕರ್ಧ ವಾಪಸಾಗಿವೆ. ಚಳಿಗಾಲ ದಾಟುತ್ತೇವೋ ಇಲ್ಲವೋ ಗೊತ್ತಿಲ್ಲ.

ವೊಂಬ್ಯಾಟ್‌ಗಳು ಬರುತ್ತಿವೆ. ಸಕ್ಕರೆ ಡಬ್ಬಿಯಲ್ಲಿ, ಶೂ ಪೆಟ್ಟಿಗೆಯಲ್ಲಿ, ಟವೆಲ್‌ನಲ್ಲಿ ಸುತ್ತಿ ಕಳಿಸುತ್ತಾರೆ. ಬೈಗುಳದ ಪತ್ರಗಳೂ ಜೊತೆಗೇ ಬರುತ್ತವೆ. ಒಬ್ಬ ಅಜ್ಜ ಮಾತ್ರ, ಮೊಮ್ಮಗ ಇದಿಲ್ಲದೆ ಮಲಗುವುದಿಲ್ಲ, ಕಣ್ಣಿಲ್ಲದೆ ಒಂದು ಮಾಡಿ ಕಳಿಸಿ ಎಂದು ಕೇಳಿದ್ದಾನೆ. ಬಂದ ಪ್ರತಿಯೊಂದರ ಕಣ್ಣನ್ನೂ ಡೆಸ್ ಉಗುರಿನಿಂದ ಎಳೆದು ನೋಡುತ್ತಾನೆ. ಹೆಚ್ಚಿನವು ಗಟ್ಟಿಯಾಗಿವೆ. ಕೆಲವು ಕೈಗೇ ಬರುತ್ತವೆ. ಬಂದ ಕಣ್ಣನ್ನು ಮೇಜಿನ ಮೇಲೆ ಟಕ್ ಎಂದು ಇಡುತ್ತಾನೆ. ಆ ಸದ್ದಿಗೆ ನಾನು ಬೇರೆ ಕೋಣೆಗೆ ಹೋಗುತ್ತೇನೆ.

ಇವತ್ತು ಪರ್ತ್‌ನಿಂದ ಒಂದು ಬಂತು. ಪತ್ರ ಇರಲಿಲ್ಲ, ಪೆಟ್ಟಿಗೆಯ ಹಿಂಭಾಗದಲ್ಲಿ ಹೆಸರು, ವಿಳಾಸ ಮಾತ್ರ. ಎಡಗಣ್ಣು ಇರಲಿಲ್ಲ. ಬರೀ ತೂತು.

ಪೆಟ್ಟಿಗೆ ಪೂರ್ತಿ ಹುಡುಕಿದೆವು. ಸುತ್ತಿದ್ದ ಕಾಗದವನ್ನು ಡೆಸ್ ಬೆಳಕಿಗೆ ಹಿಡಿದು ನೋಡಿದ. ಇಲ್ಲ. ಆ ಹೆಸರಿನ ಫೋನ್ ಸಂಖ್ಯೆ ವಿಚಾರಿಸಿ ಮಾಡಿದೆ, ಯಾರೂ ಎತ್ತಲಿಲ್ಲ. ಬೆಳಗಿನಿಂದ ಮಾಡುತ್ತಲೇ ಇದ್ದೆ. ಅಷ್ಟು ಹೊತ್ತೂ ನಿನ್ನ ಮೇಲಿನ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಎಲ್ಲ ನನ್ನ ಮೇಲೇ ಇತ್ತು.

ಕೊನೆಗೆ ಒಬ್ಬ ಹೆಂಗಸು ಎತ್ತಿದಳು. ನಾನು ಹೆಸರು ಹೇಳಿ, "ಕಣ್ಣು ಎಲ್ಲಿ?" ಎಂದಷ್ಟೇ ಕೇಳಿದೆ, ನಮಸ್ಕಾರವನ್ನೂ ಹೇಳಲಿಲ್ಲ.

"ಅದಾ? ಅದು ಯಾವತ್ತೋ ಬಿದ್ದಿತ್ತು. ಅಂಟು ತಂದು ಹಾಕೋಣ ಅಂತ ಗುಂಡಿ ಡಬ್ಬೀಲಿ ಇಟ್ಟಿದ್ದೆ" ಎಂದಳು. "ಅದೂ ಕಳಿಸ್ಬೇಕಿತ್ತಾ?"

ಹಿಂದೆ ಮಗು ಏನನ್ನೋ ಕೇಳಿ ರಗಳೆ ಮಾಡುತ್ತಿತ್ತು. ಜೋರು ದನಿ. ನಾನು ಫೋನ್ ಇಡದೆ ಅದು ಅಳುವುದನ್ನೇ ಕೇಳುತ್ತ ನಿಂತೆ. ಅವಳು "ಹಲೋ, ಹಲೋ" ಎನ್ನುತ್ತಿದ್ದಳು.

ಇನ್ನೂ ಬಾರದವು ಬಹಳ ಇವೆ. ನೀನು ಇಲ್ಲಿಗೆ ಬಾ. ನಿನಗೆ ಕೊಡಬೇಕಾದ ಬೈಗುಳ ಬಾಕಿ ಇದೆ, ನಿನ್ನ ಹತ್ತಿರವೂ ಇರಬಹುದು. ಅದು ಆಮೇಲೆ. ಮೊದಲು ಲೊರೇನ್ ಮನೆಗೆ ಹೋಗು, ಒಬ್ಬನೇ. ಅವಳು ಬಾಗಿಲು ತೆಗೆಯದಿದ್ದರೆ ಮರುದಿನ ಮತ್ತೆ ಹೋಗು.

ಏವಿಸ್